ಯುದ್ಧದ ಕಾಗದದಲ್ಲಿ ಕರಿಮೆಣಸಿನ ಲೆಕ್ಕ

ಪ್ರಶ್ನೆ: ಮೊದಲನೇ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಿದ್ದ ನಮ್ಮ ಸಿಪಾಯಿಗಳು ಊರಲ್ಲಿದ್ದ ಅಣ್ಣತಮ್ಮಂದಿರಿಗೆಲ್ಲ ಬರೆದ ಕಾಗದಗಳನ್ನ ಓದ್ತಾ ಇದ್ದೆ. ಒಂದ್ಕಡೆ ಕರಿಮೆಣಸು ಮುಗೀತು, ಈಗ ಕೆಂಪು ಮೆಣಸಿನಕಾಯಿ ಬಳಸ್ತಿದಾರೆ ಅನ್ನೋ ಥರ ಮಾತು ಬಂತು. ಗುಂಡಿನ ಮಧ್ಯೆ ಇದೇನ್ ಸಾರ್ ಅಡುಗೆ ವಿಚಾರ? ಒಡಹುಟ್ಟಿದವನಿಗೂ ಬಿಡಿಸಿ ಹೇಳೋಕಾಗ್ತಿರ್ಲಿಲ್ವಾ?

ಉತ್ತರ: ಅದು ಅಡುಗೆ ಅಲ್ಲ ಮಾರಾಯ್ರೆ. ಕರಿಮೆಣಸು ಅಂದ್ರೆ ನಮ್ಮ ಸಿಪಾಯಿಗಳು, ಕೆಂಪು ಮೆಣಸಿನಕಾಯಿ ಅಂದ್ರೆ ಬಿಳಿಯರು. ನಮ್ಮವರು ಸತ್ತು ಖಾಲಿ ಆಗ್ತಿದಾರೆ ಅಂತ ನೇರವಾಗಿ ಬರೆದ್ರೆ ಕಾಗದ ಮನೆ ಮುಟ್ಟೋದು ಡೌಟು, ಯಾಕಂದ್ರೆ ಮೊದಲು ರೆಜಿಮೆಂಟಲ್ಲೇ ಆಫೀಸರ್ ನೋಡ್ತಿದ್ರು, ಆಮೇಲೆ ಫ್ರಾನ್ಸಿನ ಬೊಲೋನ್ ಅನ್ನೋ ಊರಲ್ಲಿ ಇಂಡಿಯನ್ ಕಾಗದಗಳಿಗೇ ಅಂತ ಒಂದು ಸೆನ್ಸಾರ್ ಆಫೀಸಿತ್ತು, ಐಸಿಎಸ್ (ಬ್ರಿಟಿಷರ ಕಾಲದ ಇಂಡಿಯಾ ಆಡಳಿತ ಸೇವೆ) ಅಧಿಕಾರಿ ಎವೆಲಿನ್ ಹಾವೆಲ್ ಅದರ ಮುಖ್ಯಸ್ಥ. ತಮಾಷೆ ಅಂದ್ರೆ ಈ ಮೆಣಸಿನ ಗುಟ್ಟು ಅವರಿಗೂ ಗೊತ್ತಾಗಿಹೋಗಿತ್ತು.

ಬಿಡಿಸಿ ಹೇಳೋಕಾಗ್ತಿರ್ಲಿಲ್ವಾ ಅಂದ್ರಲ್ಲ, ಯಾರಿಗೆ ಹೇಳೋದು ನೋಡಿ. ಸುಮಾರು ಜನಕ್ಕೆ ಓದು ಬರಹ ಬರ್ತಿರ್ಲಿಲ್ಲ, ಇವನು ಹೇಳ್ತಾ ಹೋಗೋದು ಪಕ್ಕದಲ್ಲಿ ಕೂತವನು ಬರೆಯೋದು, ಅದನ್ನ ಆಫೀಸರ್ ನೋಡಿ, ಬೊಲೋನ್‌ನಲ್ಲಿ ಸೆನ್ಸಾರ್ ನೋಡಿ, ಕೊನೆಗೆ ಹಳ್ಳೀಲಿ ಓದು ಬರೋ ಇನ್ಯಾರೋ ಜೋರಾಗಿ ಓದಿ ಹೇಳೋದು. ಮೇಲ್ಗಡೆ ಅಣ್ಣನ ಹೆಸರು ಅಷ್ಟೇ, ಕೇಳಿಸ್ಕೊಳ್ಳೋರು ಊರೆಲ್ಲ. ಇಷ್ಟಿದ್ರೂ ಕೆಲವರು ಧೈರ್ಯವಾಗಿ, ತಮ್ಮನನ್ನ ಮಾತ್ರ ಸೈನ್ಯಕ್ಕೆ ಕಳಿಸಬೇಡಿ ಅಂತ ಬರೆಸಿದಾರೆ. ನನಗಂತೂ ಮೆಣಸಿನ ಗುಟ್ಟಿಗಿಂತ ಆ ಸಾಲೇ ಜಾಸ್ತಿ ಚುಚ್ಚುತ್ತೆ. ಇನ್ನು ಕೆಲವರು ಫ್ರಾನ್ಸಿನ ಹೆಂಗಸರು ಓದ್ಕೊಂಡು ಹೊಲ ಮನೆ ಎಲ್ಲ ನಿಭಾಯಿಸೋದು ನೋಡಿ ನಮ್ಮ ಹೆಣ್ಮಕ್ಕಳಿಗೂ ಓದಿಸಿ ಅಂತಾರೆ, ಕಂದಕದಲ್ಲಿ ಕೂತು!

ಇನ್ನೊಂದ್ ವಿಷ್ಯ, ನೀವು ಓದಿದ್ದು ಬಹುಶಃ ಮೂಲ ಕಾಗದ ಅಲ್ಲ. ಉರ್ದು, ಗುರುಮುಖಿ, ಹಿಂದಿ ಹೀಗೆ ಬರೆದಿದ್ದನ್ನ ಸೆನ್ಸಾರ್ ಆಫೀಸಿನವರು ಆರಿಸಿ ಇಂಗ್ಲಿಷಿಗೆ ಮಾಡ್ಕೊಂಡು ರಿಪೋರ್ಟಿಗೆ ಸೇರಿಸಿದ ತುಣುಕುಗಳು, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರೀಲಿ ಇರೋದು ಅವೇ. ಅಂದ್ರೆ ಸರ್ಕಾರಕ್ಕೆ ಯಾವುದು ಮುಖ್ಯ ಅನ್ನಿಸ್ತೋ ಅದು ಉಳೀತು, ಅಮ್ಮ ಹೇಗಿದಾಳೆ ಎಮ್ಮೆ ಕರು ಹಾಕ್ತಾ ಅನ್ನೋಂಥ ಮಾತೆಲ್ಲ ಎಷ್ಟು ಬಿಟ್ಟುಹೋಗಿರಬೇಕು ಲೆಕ್ಕ ಹಾಕಿ.

ಓದುವಾಗ ತಾರೀಕು ಮಾತ್ರ ನೋಡ್ಕೊಳ್ಳಿ. ನಮ್ಮವರು ಮಾರ್ಸೇಲ್ಸ್ ಬಂದರಲ್ಲಿ ಇಳಿದಿದ್ದು 1914ರ ಸೆಪ್ಟೆಂಬರ್ ಕೊನೇಲಿ, ಫ್ರಾನ್ಸಲ್ಲೇ ನಮ್ಮವರು ಕಾದಾಡಿದ ನವ್ ಶಾಪೆಲ್ ಕದನ 1915ರ ಮಾರ್ಚ್, ಆ ವರ್ಷದ ಕೊನೆಗೆ ಕಾಲಾಳು ಪಡೆಯ ಹೆಚ್ಚಿನವರನ್ನ ಮೆಸೊಪೊಟೇಮಿಯಾ (ಈಗಿನ ಇರಾಕ್) ಕಡೆಗೆ ಸಾಗಿಸಿದ್ರು. ಹಾಗಾಗಿ 1917ರಲ್ಲಿ ಫ್ರಾನ್ಸಿಂದ ಬಂದ ಕಾಗದ ಅಂದ್ರೆ ಬರೆದವನು ಹೆಚ್ಚಾಗಿ ಕುದುರೆ ದಳದವನು, ಇಲ್ಲಾ ಕೂಲಿ ಪಡೆಯವನು. ನಮ್ಮ ಮೈಸೂರು ಸಂಸ್ಥಾನದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್ ಕಾಗದ ಇದರಲ್ಲಿ ಹುಡುಕಬೇಡಿ, ಅವರು ಹೋಗಿದ್ದು ಈಜಿಪ್ಟು, ಪ್ಯಾಲೆಸ್ತೀನ್ ಕಡೆ.