ಹಳೇ ಟ್ರಾವೆಲರ್‌ನ ಗದ್ದಲ: ಶೀಟ್ ಎಲ್ಲಿ, ಎಷ್ಟು?

ಪ್ರಶ್ನೆ: ಹಳೆಯ ಟೆಂಪೊ ಟ್ರಾವೆಲರನ್ನು ಕ್ಯಾಂಪರ್ (ಒಳಗೇ ಉಳಿದು ಪ್ರವಾಸ ಮಾಡುವ ವಾಹನ) ಮಾಡಿಸುತ್ತಿದ್ದೇವೆ. ಸೀಟು, ಒಳಹೊದಿಕೆ ಬಿಚ್ಚಿದ್ದಾಗಿದೆ. ಓಡುವಾಗ ತಗಡು ಮತ್ತು ಇಂಜಿನ್ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಒಳಗೆಲ್ಲ ಡ್ಯಾಂಪಿಂಗ್ ಶೀಟ್ ಅಂಟಿಸಬೇಕೆ? ಡಾಂಬರು ಶೀಟ್ ಸಾಕೆನ್ನುತ್ತಾರೆ ಅಂಗಡಿಯವರು.
– ಓದುಗರು, ಹುಬ್ಬಳ್ಳಿ

ಉತ್ತರ: ಪೂರ್ತಿ ಬೇಡ. ಡ್ಯಾಂಪಿಂಗ್ ಶೀಟ್ ತಗಡಿನ ನಡುಕವನ್ನಷ್ಟೇ ತಗ್ಗಿಸುತ್ತದೆ; ಗಾಳಿಯಲ್ಲಿ ಬರುವ ಸದ್ದನ್ನು ತಡೆಯುವುದು ಅದರ ಕೆಲಸವಲ್ಲ. ಬೆರಳ ಗೆಣ್ಣಿನಿಂದ ತಗಡನ್ನು ತಟ್ಟುತ್ತಾ ಹೋಗಿ. ಡಬ್ಬದಂತೆ ಮೊಳಗುವ ಒಂದೊಂದು ಅಗಲವಾದ ಭಾಗದ ಮಧ್ಯದಲ್ಲಿ ಮೂರನೇ ಒಂದು ಪಾಲಿನಷ್ಟು ಮುಚ್ಚಿದರೆ ಹೆಚ್ಚಿನ ಲಾಭವೆಲ್ಲ ಸಿಕ್ಕಿಬಿಡುತ್ತದೆ. ಪಟ್ಟಿಗಳಿರುವ ಗಟ್ಟಿ ಜಾಗಕ್ಕೆ ಅಂಟಿಸುವುದು ದುಡ್ಡು ದಂಡ. 2 ಮಿ.ಮೀ. ಶೀಟ್ ಚದರ ಮೀಟರಿಗೆ ಸುಮಾರು 3 ಕೆ.ಜಿ. ತೂಗುತ್ತದೆ. 20 ಚದರ ಮೀಟರ್ ಮುಚ್ಚಿದರೆ 60 ಕೆ.ಜಿ.; ಅಷ್ಟು ತೂಕಕ್ಕೆ ನೀರಿನ ಟ್ಯಾಂಕನ್ನೇ ಹೊರಬಹುದು.

ಡಾಂಬರು ಶೀಟ್ ತರಬೇಡಿ. ಬಿಸಿಲಿಗೆ ಕಾದ ಚಾವಣಿಯಲ್ಲಿ ಅದು ಮೆತ್ತಗಾಗಿ ಜಾರುತ್ತದೆ, ವಾಸನೆಯೂ ಹೋಗದು. ಮೇಲೆ ಅಲ್ಯೂಮಿನಿಯಂ ಹಾಳೆ ಇರುವ ಬ್ಯುಟೈಲ್ (ಒಂದು ಬಗೆಯ ರಬ್ಬರ್) ಶೀಟನ್ನೇ ಕೊಳ್ಳಿ. ಧೂಳು, ಎಣ್ಣೆಜಿಡ್ಡು ಇದ್ದರೆ ಒಳ್ಳೆಯ ಶೀಟೂ ಕಿತ್ತು ಬರುತ್ತದೆ. ಹಾಗಾಗಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಒಣಗಿಸಿ, ಚಿಕ್ಕ ತುಂಡುಗಳಾಗಿ ಅಂಟಿಸಿ. ಮೇಲಿನ ಉಬ್ಬುಗೆರೆಗಳು ಚಪ್ಪಟೆಯಾಗುವ ತನಕ ಕೈರೋಲರ್‌ನಿಂದ ಒತ್ತಬೇಕು. ಚಾವಣಿಗಂತೂ ಇದರಲ್ಲಿ ರಿಯಾಯಿತಿ ಇಲ್ಲ.

ನಿಮ್ಮ ನಿಜವಾದ ಶತ್ರು ಮುಂದಿನ ಎರಡು ಸೀಟಿನ ನಡುವಿರುವ ಇಂಜಿನ್ ಕವರ್. ಮೊದಲು ಅದರ ಸುತ್ತಲಿನ ರಬ್ಬರ್ ಬೀಡಿಂಗ್ ಬದಲಿಸಿ, ಬಿಗಿ ಹಿಡಿಯದ ಕ್ಲಿಪ್‌ಗಳನ್ನು ಸರಿಮಾಡಿ. ಇಂಜಿನ್ ಆರಿಸಿ, ರಾತ್ರಿ ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ: ಬೆಳಕು ನುಸುಳುವಲ್ಲೆಲ್ಲ ಸದ್ದೂ ನುಸುಳುತ್ತದೆ. ಗೇರ್ ಲಿವರ್ ಬೂಟ್ (ಬುಡದ ರಬ್ಬರ್ ಹೊದಿಕೆ), ಪೆಡಲ್ ರಂಧ್ರ, ವೈರು ಹಾಯುವಲ್ಲಿನ ರಬ್ಬರ್ ಬಳೆಗಳನ್ನೂ (ಗ್ರೋಮೆಟ್) ಬಿಡಬೇಡಿ. ಕವರಿನ ಇಂಜಿನ್ ಕಡೆಗೆ ಬ್ಯುಟೈಲ್ ಅಂಟಿಸಿದರೆ ಬಿಸಿಗೆ ಬಿದ್ದುಹೋಗುತ್ತದೆ, ಬೆಂಕಿಯ ಭಯವೂ ಇದೆ; ಅಲ್ಲಿಗೆ ಫಾಯಿಲ್ ಹೊದಿಸಿದ, ಶಾಖ ತಡೆಯುವ ಗ್ಲಾಸ್‌ಫೈಬರ್ ಹಾಸೇ ಸರಿ. ಕ್ಯಾಬಿನ್ ನೆಲಕ್ಕೆ 6 ಮಿ.ಮೀ. ಕ್ಲೋಸ್ಡ್-ಸೆಲ್ ಫೋಮ್ (ನೀರು ಹೀರದ ಫೋಮ್) ಹಾಸಿ, ಮೇಲೆ ಚದರ ಮೀಟರಿಗೆ 5 ಕೆ.ಜಿ. ತೂಗುವ ಮಾಸ್ ಲೋಡೆಡ್ ವಿನೈಲ್ (ಸದ್ದು ತಡೆಯುವ ಭಾರದ ಪ್ಲಾಸ್ಟಿಕ್ ಹಾಸು) ಹರಡಿ. ವಿನೈಲಿನ ಅಂಚುಗಳು ಒಂದಕ್ಕೊಂದು ಕೂಡಿರಲಿ. ಅದನ್ನು ಸ್ಕ್ರೂ ಹೊಡೆದು ತಗಡಿಗೆ ಬಿಗಿದರೆ ನಡುಕ ಮತ್ತೆ ದಾಟುತ್ತದೆ.

ಪ್ರಶ್ನೆ: ನೆಲದಲ್ಲಿ ಅಲ್ಲಲ್ಲಿ ತುಕ್ಕು. ಮೇಲೆಯೇ ಅಂಟಿಸಬಹುದೆ?
– ಓದುಗರು, ಸಾಗರ

ಉತ್ತರ: ಬೇಡ. ಶೀಟಿನಡಿ ತುಕ್ಕು ಕಾಣದಂತೆ ಬೆಳೆಯುತ್ತದೆ. ಸಡಿಲ ತುಕ್ಕನ್ನು ವೈರ್ ಬ್ರಷ್‌ನಿಂದ ಕೆರೆದು, ತೂತು ಬಿದ್ದಲ್ಲಿ ವೆಲ್ಡಿಂಗ್ ಮಾಡಿಸಿ. ಎಪಾಕ್ಸಿ ಪ್ರೈಮರ್ (ತುಕ್ಕು ತಡೆಯುವ ತಳಬಣ್ಣ) ಬಳಿದು, ಡಬ್ಬದ ಮೇಲೆ ಹೇಳಿದಷ್ಟು ಹೊತ್ತು ಒಣಗಲು ಬಿಡಿ. ಬಾಗಿಲ ಬುಡದಲ್ಲಿ ನೀರು ಇಳಿಯುವ ತೂತುಗಳನ್ನು ಯಾವ ಕಾರಣಕ್ಕೂ ಮುಚ್ಚಬೇಡಿ. ಮಲೆನಾಡಿನ ಮಳೆಗೆ ಅವು ತೆರೆದೇ ಇರಬೇಕು. ಕಿಟಕಿ ರಬ್ಬರ್ ಸೋರುತ್ತಿದ್ದರೆ ಅದನ್ನು ಮೊದಲು ಸರಿಪಡಿಸಿ, ಶೀಟಿನ ಕೆಲಸ ಆಮೇಲೆ.