ಕಲೆ, ಸಿನಿಮಾ ವಿಷಯದಲ್ಲಿ ಬಲ್ಲವರ ಅಭಿಪ್ರಾಯಕ್ಕೆ ತೂಕ ಜಾಸ್ತಿಯೇ?

ಹಾಡು, ಕುಣಿತ, ಸಿನಿಮಾ ಹಿಡಿಸುವುದು ಬಿಡುವುದು ಅವರವರ ಇಷ್ಟ, ಹಾಗಿರುವಾಗ ಬಲ್ಲವರ ಮಾತಿಗೆ ಯಾಕೆ ಹೆಚ್ಚು ಬೆಲೆ ಎಂದು ಕೇಳಿದ್ದೀರಿ. ಬೆಲೆ ಕೊಡಲೇಬೇಕು ಅನ್ನುವುದು ನನ್ನ ಉತ್ತರ. ಆದರೆ ನನಗೆ ಖುಷಿ ಆಯ್ತೋ ಇಲ್ಲವೋ ಅನ್ನುವುದನ್ನು ಅವರು ತೀರ್ಮಾನ ಮಾಡುವ ಹಾಗಿಲ್ಲ.

ನಾನು ಮಡಿಕೇರಿಯವಳು. ನಮ್ಮ ದಸರಾದಲ್ಲಿ ಈ ಜಗಳ ಹಳೆಯದು. ವಿಜಯದಶಮಿ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಹೊರಡುತ್ತವೆ. ಟ್ರ್ಯಾಕ್ಟರ್ ಮೇಲೆ ದೊಡ್ಡ ದೊಡ್ಡ ಬೊಂಬೆಗಳು, ಕಣ್ಣು ಕುಕ್ಕುವ ದೀಪ, ಹೊಗೆ, ಕಿವಿಗಡಚಿಕ್ಕುವ ಸದ್ದು. ತೀರ್ಪುಗಾರರು ಅಂಕ ಹಾಕುತ್ತಾರೆ. ಬಹುಮಾನ ಗೊತ್ತಾದ ಮೇಲೆ "ಜನ ಶಿಳ್ಳೆ ಹೊಡೆದದ್ದು ನಮ್ಮ ಮಂಟಪಕ್ಕೆ, ಇವರಿಗೇನು ಗೊತ್ತು" ಅನ್ನುವ ಮಾತು ಎಲ್ಲಾದರೂ ಕೇಳಿಸುತ್ತದೆ.

ಮಂಟಪ ಕಟ್ಟಿ ಪಳಗಿದವರ ಪಕ್ಕ ನಿಂತು ಒಮ್ಮೆ ನೋಡಿ. ಅವರ ಕಣ್ಣು ದೀಪದ ಮೇಲೆ ನಿಲ್ಲುವುದೇ ಇಲ್ಲ. ರಾಕ್ಷಸನ ಕುತ್ತಿಗೆ ಮಾತಿಗೆ ಸರಿಯಾಗಿ ತಿರುಗಿತಾ? ದೇವಿಯ ಕೈ ನಯವಾಗಿ ಎದ್ದಿತಾ, ಗಕ್ಕನೆ ನಿಂತಿತಾ? ಕಥೆ ಗೊತ್ತಿಲ್ಲದ ಮಗುವಿಗೂ ಯಾರು ಯಾರನ್ನು ಯಾಕೆ ಕೊಂದರು ಅಂತ ತಿಳಿಯಿತಾ? ಅವರು ಬೆರಳು ಮಾಡಿ ತೋರಿಸಿದ ಮೇಲೆ ನಿಮಗೂ ಕಾಣುತ್ತದೆ. ನಾನು ಬಲ್ಲವರನ್ನು ಗುರುತಿಸುವುದೇ ಹೀಗೆ. ಅವರ ಮಾತು ಕೇಳಿದ ಮೇಲೆ ಮೊದಲು ಕಾಣದ್ದು ಕಾಣಬೇಕು. ಕಾಣದಿದ್ದರೆ ಅವರ ಪದವಿ, ಬಿರುದು ಕಟ್ಟಿಕೊಂಡು ನಾವೇನು ಮಾಡೋದು?

ಅಂಥವರು ವೇದಿಕೆ ಮೇಲೆ ಇರಲೇಬೇಕು ಅಂತಿಲ್ಲ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ಸಮಯದಲ್ಲಿ ಹಾಡುವ ಬಾಳೋಪಾಟ್ ಅನ್ನುವ ಜನಪದ ಹಾಡನ್ನೇ ತಗೊಳ್ಳಿ. ನಾಲ್ವರು ದುಡಿ ಅನ್ನುವ ಪುಟ್ಟ ಚರ್ಮವಾದ್ಯ ಬಡಿಯುತ್ತಾ ಹಾಡುತ್ತಾರೆ. ಇಬ್ಬರು ಹೇಳಿದ ಸಾಲನ್ನು ಇನ್ನಿಬ್ಬರು ಎತ್ತಿಕೊಳ್ಳುತ್ತಾರೆ. ಹೊಸಬರಿಗೆ ಒಂದೇ ಧಾಟಿ, ಬೇಜಾರು ಅನ್ನಿಸಬಹುದು. ಅದರಲ್ಲಿ ತಪ್ಪೇನಿಲ್ಲ. ಹಾಡಿ ನುರಿತ ಅಜ್ಜಂದಿರು ಕೇಳುವ ರೀತಿಯೇ ಬೇರೆ. ಎರಡನೇ ಜೋಡಿ ಸಾಲು ಎತ್ತುವಾಗ ದುಡಿಯ ಪೆಟ್ಟು ಒಂಚೂರು ಸಡಿಲವಾದರೂ ಅವರಿಗೆ ತಿಳಿಯುತ್ತದೆ. ಅವರಲ್ಲಿ ಎಷ್ಟೋ ಜನ ಸಂಗೀತ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಡಿಕೇರಿಯಂಡ ಚಿಣ್ಣಪ್ಪ 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನುವ ಕೊಡವ ಜನಪದ ಹಾಡುಗಳ ಸಂಗ್ರಹ ಹೊರತಂದರಲ್ಲ, ಅದರಲ್ಲಿ ಸೇರಿಸಿದ ಹಾಡುಗಳು ಬಂದದ್ದು ಇಂಥವರ ಬಾಯಿಂದಲೇ. ಈ ಅಜ್ಜಂದಿರ ಒಂದು ಮಾತನ್ನೂ ನನ್ನ ಮಾತನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟರೆ ಅದು ಸಮಾನತೆ ಅಲ್ಲ, ಅವರು ಕಲಿತದ್ದಕ್ಕೆ ಮಾಡುವ ಅವಮಾನ.

ಮದುವೆ ಮನೆಯ ವಾಲಗದ ವಿಷಯ ಬಂದಾಗ ಮಾತ್ರ ನಾನು ಬೇರೆ ಕಡೆ ನಿಲ್ಲುತ್ತೇನೆ. ನಮ್ಮ ಕೊಡಗಿನಲ್ಲಿ ವಾಲಗದ ವಾದ್ಯ ಇರುವುದೇ ಕುಣಿಯಲು. ತಾಳ ಸ್ವಲ್ಪ ಜಾರಿತು ಅಂತ ತಿಳಿದವರು ಹೇಳಿದರೆ ಜಾರಿರಬಹುದು. ಅಂಗಳ ತುಂಬ ಜನ ಬೆವರು ಸುರಿಸಿ ಕುಣಿದದ್ದು ಅದರಿಂದ ಸುಳ್ಳಾಗುತ್ತಾ? ಬಲ್ಲವರಿಗೆ ಒಂದು ತೊಂದರೆಯೂ ಇದೆ. ತುಂಬ ನೋಡಿ ನೋಡಿ ಸಾಮಾನ್ಯ ಸಂತೋಷಗಳು ಅವರಿಗೆ ಸಪ್ಪೆಯಾಗಿಬಿಡುತ್ತವೆ. ಮೊದಲ ಸಲ ನೋಡುವವರ ಬೆರಗು ಅವರಿಗೆ ನೆನಪಿರುವುದಿಲ್ಲ. ಅಲ್ಲಿ ಅವರ ಮಾತನ್ನು ಸ್ವಲ್ಪ ಕಡಿಮೆ ಮಾಡಿಕೊಂಡೇ ಕೇಳಬೇಕು.

ಸಿನಿಮಾ ವಿಮರ್ಶೆಗೂ ನನ್ನ ಲೆಕ್ಕ ಇದೇ. ಸುಮ್ನೆ ಸ್ಟಾರ್ ಕೊಟ್ಟು ಮುಗಿಸಿದ್ದನ್ನು ಬಿಟ್ಟುಬಿಡುತ್ತೇನೆ. ಯಾವ ದೃಶ್ಯ ಎಳೆಯಿತು, ಎಲ್ಲಿ ಮಾತು ಕಡಿಮೆಯಾಗಬೇಕಿತ್ತು ಅಂತ ಬಿಡಿಸಿ ಬರೆದವರದ್ದನ್ನು ಹುಡುಕಿ ಓದುತ್ತೇನೆ. ಅವರು ಬೈದಿರುವುದು ನನಗೆ ತುಂಬ ಇಷ್ಟವಾದ ಸಿನಿಮಾವನ್ನೇ ಆಗಿದ್ದರೂ ಓದುತ್ತೇನೆ.