ಯುದ್ಧ ನಡೆದದ್ದು ಮನೆಯೊಳಗೂ: ವಿಯೆಟ್ನಾಂ ಕಾದಂಬರಿಗಳನ್ನು ಕುರಿತ ಓದುಗರ ಪ್ರಶ್ನೆಗಳು

ವಿಯೆಟ್ನಾಮಿನ ಹೆಣ್ಣುಮಕ್ಕಳ ಯುದ್ಧಕಾಲದ ಸಂಸಾರವನ್ನು ಆಧರಿಸಿದ ಕಾದಂಬರಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನ್ಗುಯೆನ್ ಫಾನ್ ಕ್ವೆ ಮಾಯ್ ಅವರ ‘ದಿ ಮೌಂಟನ್ಸ್ ಸಿಂಗ್’ ಓದಿ ಮುಗಿಸಿದೆ. ಕ್ಷಾಮ, ಕೊಲೆ, ಊರು ಬಿಟ್ಟು ಓಡುವುದು, ಬಾಂಬ್ ದಾಳಿ, ಕಾಲು ಕಳೆದುಕೊಂಡು ಮರಳುವ ಮಗ, ಇವೆಲ್ಲವೂ ಒಂದೇ ಕುಟುಂಬಕ್ಕೆ ಬಂದೊದಗುವುದು ಸಾಧ್ಯವೇ ಎಂಬ ಅನುಮಾನ ಕೊನೆಯವರೆಗೂ ಕಾಡಿತು. ನಿಜ ಜೀವನದಿಂದ ಪ್ರೇರಿತವಾದ ಇಂತಹ ಕೃತಿಗಳಲ್ಲಿ ನಿಜವೆಷ್ಟು, ಕಲ್ಪನೆಯೆಷ್ಟು?

ಉತ್ತರ: ನಿಮ್ಮ ಅನುಮಾನ ಸಹಜವಾದುದೇ. ಆದರೆ ಆ ದೇಶದ ಚರಿತ್ರೆಯ ಇಸವಿಗಳನ್ನು ಒಬ್ಬ ಹೆಂಗಸಿನ ವಯಸ್ಸಿನ ಪಕ್ಕದಲ್ಲಿ ಬರೆದುಕೊಂಡು ನೋಡಿ. ಕಾದಂಬರಿಯ ಅಜ್ಜಿ ದಿಯೆವ್ ಲಾನ್ ಹುಟ್ಟಿದ್ದು 1920ರಲ್ಲಿ, ನ್ಗೆ ಆನ್ ಪ್ರಾಂತ್ಯದ ಅನುಕೂಲಸ್ಥ ರೈತ ಮನೆತನವೊಂದರಲ್ಲಿ. 1944-45ರ ಮಹಾಕ್ಷಾಮದ ಹೊತ್ತಿಗೆ ಅವಳಿಗೆ ಇಪ್ಪತ್ತೈದರ ಹರೆಯ. 1953ರಿಂದ 1956ರವರೆಗೆ ನಡೆದ, ಎಷ್ಟೋ ಮನೆತನಗಳನ್ನು ಜಮೀನುದಾರರೆಂದು ಸಾರಿ ಮನೆ ಮಠ ಕಿತ್ತುಕೊಂಡ ಭೂಸುಧಾರಣೆಯ ಕಾಲಕ್ಕೆ ಅವಳು ಆರು ಮಕ್ಕಳ ತಾಯಿ. 1972ರ ಡಿಸೆಂಬರಿನಲ್ಲಿ ಅಮೆರಿಕದ ವಿಮಾನಗಳು ಉತ್ತರದ ರಾಜಧಾನಿ ಹನೋಯ್ ನಗರದ ಮೇಲೆ ಬಾಂಬು ಸುರಿದಾಗ ಐವತ್ತೆರಡು ವರ್ಷದ ಅಜ್ಜಿ. ಉತ್ತರ ವಿಯೆಟ್ನಾಮಿನಲ್ಲಿ ಅದೇ ಕಾಲಕ್ಕೆ ಹುಟ್ಟಿ, ಅಷ್ಟು ದಿನ ಬದುಕಿದ ಹೆಂಗಸೊಬ್ಬಳು ಈ ಮೂರರಿಂದಲೂ ಪೂರ್ತಿ ತಪ್ಪಿಸಿಕೊಂಡಿದ್ದರೆ ಅದೇ ಅಪರೂಪದ ಕಥೆಯಾಗುತ್ತಿತ್ತು. ಆದ್ದರಿಂದ ಲೇಖಕಿ ಓದುಗರನ್ನು ಅಳಿಸುವುದಕ್ಕಾಗಿ ಸಂಕಟಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ.

ಕ್ಷಾಮವನ್ನೇ ತೆಗೆದುಕೊಳ್ಳಿ. ಜಪಾನಿನ ಸೇನೆ ದೇಶವನ್ನು ಆಕ್ರಮಿಸಿಕೊಂಡಿದ್ದ ಆ ದಿನಗಳಲ್ಲಿ ಭತ್ತವನ್ನು ಬಲವಂತದಿಂದ ವಸೂಲು ಮಾಡಲಾಗುತ್ತಿತ್ತು, ಆಹಾರ ಬೆಳೆಯುವ ನೆಲದಲ್ಲಿ ಸೆಣಬು ಬೆಳೆಯುವಂತೆ ರೈತರನ್ನು ಒತ್ತಾಯಿಸಲಾಗಿತ್ತು, ಮಿತ್ರರಾಷ್ಟ್ರಗಳ ವಿಮಾನ ದಾಳಿಯಿಂದ ದಕ್ಷಿಣದ ಅಕ್ಕಿ ಉತ್ತರಕ್ಕೆ ಬರುವ ದಾರಿ ಕಡಿದುಹೋಗಿತ್ತು, ಇವೆಲ್ಲದರ ಮೇಲೆ ನೆರೆಯೂ ಬಂತು. ಸತ್ತವರ ಸಂಖ್ಯೆಯನ್ನು ಇತಿಹಾಸಕಾರರು 4 ಲಕ್ಷದಿಂದ 20 ಲಕ್ಷದವರೆಗೆ ಬೇರೆ ಬೇರೆಯಾಗಿ ಅಂದಾಜಿಸುತ್ತಾರೆ. ಇಷ್ಟು ದೊಡ್ಡ ವಿಪತ್ತು ಹೊರಜಗತ್ತಿನ ನೆನಪಿನಲ್ಲಿ ಹೆಚ್ಚು ಉಳಿಯಲಿಲ್ಲ, ಏಕೆಂದರೆ ವಿಯೆಟ್ನಾಂ ಎಂದರೆ ಅಮೆರಿಕದ ಯುದ್ಧ ಮಾತ್ರ ಎಂಬ ಭಾವನೆಯೇ ಬಲವಾಗಿ ಬೇರೂರಿತು. ಅಜ್ಜಿಯ ಬಾಯಿಂದ ಕಥೆ ಹೇಳಿಸಿದ್ದರಿಂದ ಆಗಿರುವ ದೊಡ್ಡ ಲಾಭವೆಂದರೆ, ಯುದ್ಧದ ಆರಂಭ ಅಮೆರಿಕದ ಸೈನಿಕರು ಬಂದಿಳಿದ ದಿನಕ್ಕಿಂತ ಎಷ್ಟೋ ಹಿಂದಕ್ಕೆ ಸರಿಯುತ್ತದೆ.

ಇನ್ನು ಕಲ್ಪನೆಯ ಮಾತು. 1973ರಲ್ಲಿ ಹುಟ್ಟಿದ ಲೇಖಕಿಗೆ ತಮ್ಮ ಇಬ್ಬರು ಅಜ್ಜಿಯರಲ್ಲಿ ಒಬ್ಬರನ್ನೂ ನೋಡುವ ಭಾಗ್ಯವಿರಲಿಲ್ಲ. ಅವರು ಹುಟ್ಟುವ ಮೊದಲೇ ಇಬ್ಬರೂ ತೀರಿಕೊಂಡಿದ್ದರು. 2020ರಲ್ಲಿ ಬಂದ ಈ ಕಾದಂಬರಿಯ ಅಜ್ಜಿ ಆ ಕೊರತೆಯೊಳಗಿಂದ ರೂಪುಗೊಂಡವಳು. ಘಟನೆಗಳು ಚರಿತ್ರೆಯವು, ವ್ಯಕ್ತಿ ಕಟ್ಟಿಕೊಂಡದ್ದು. ಭೂಸುಧಾರಣೆಯ ಕಾಲದಲ್ಲಿ ಊರಿನಿಂದ ಪಾರಾಗಿ ಹನೋಯ್ ಕಡೆಗೆ ಮಕ್ಕಳೊಂದಿಗೆ ನಡೆದು ಹೋಗುವ ದಿಯೆವ್ ಲಾನ್, ಎಲ್ಲರನ್ನೂ ಬದುಕಿಸಿಕೊಳ್ಳಲು ಬೇರೆ ದಾರಿ ಕಾಣದೆ, ದಾರಿಯುದ್ದಕ್ಕೂ ಒಂದೊಂದು ಮಗುವನ್ನು ಒಂದೊಂದು ಕಡೆ ಬಿಟ್ಟು ಮುಂದಕ್ಕೆ ಹೋಗುತ್ತಾಳೆ. ನೆಲೆ ಕಂಡುಕೊಂಡ ಮೇಲೆ ಅದೇ ದಾರಿಯಲ್ಲಿ ಅವರನ್ನು ಹುಡುಕಿಕೊಂಡು ಬರುತ್ತಾಳೆ. ಯಾವ ಮಗುವನ್ನು ಮೊದಲು ಬಿಡಬೇಕು ಎಂದು ಒಬ್ಬ ತಾಯಿ ಲೆಕ್ಕ ಹಾಕುವ ಆ ಗಳಿಗೆಯನ್ನು ಯಾವ ಸರ್ಕಾರಿ ದಾಖಲೆಯೂ ಬರೆದಿಡುವುದಿಲ್ಲ. ಕಾದಂಬರಿಯನ್ನು ಓದಬೇಕಾದದ್ದು ಅಂತಹ ಜಾಗಗಳಿಗಾಗಿ.

ಪ್ರಶ್ನೆ: ಈ ಕಾದಂಬರಿಗಳಲ್ಲಿ ಹೆಂಗಸರು ಸಹಿಸುತ್ತಾರೆ, ತ್ಯಾಗ ಮಾಡುತ್ತಾರೆ, ಮತ್ತೆ ಸಹಿಸುತ್ತಾರೆ. ತ್ಯಾಗವನ್ನು ಹೀಗೆ ಹೊಗಳುತ್ತಲೇ ಇರುವುದು ಹೆಣ್ಣಿಗೆ ಮಾಡುವ ಇನ್ನೊಂದು ಅನ್ಯಾಯವಲ್ಲವೇ?

ಉತ್ತರ: ಒಳ್ಳೆಯ ತಕರಾರು. ಇದೇ ತಕರಾರನ್ನು ವಿಯೆಟ್ನಾಮಿನ ಲೇಖಕಿಯೊಬ್ಬರು ಬಹಳ ಹಿಂದೆಯೇ ಎತ್ತಿದ್ದಾರೆ. ದುವಾಂಗ್ ಥು ಹುವಾಂಗ್ ಅವರ ‘ಪ್ಯಾರಡೈಸ್ ಆಫ್ ದಿ ಬ್ಲೈಂಡ್’ 1988ರಲ್ಲಿ ಮೂಲ ಭಾಷೆಯಲ್ಲಿ ಪ್ರಕಟವಾಗಿ, ಆಮೇಲೆ ಸರ್ಕಾರದ ಅವಕೃಪೆಗೆ ಗುರಿಯಾಗಿ, 1993ರಲ್ಲಿ ಇಂಗ್ಲಿಷಿಗೆ ಬಂದಿತು. ಲೇಖಕಿ ಯುದ್ಧವನ್ನು ದೂರದಿಂದ ಕಂಡವರಲ್ಲ. ಇಪ್ಪತ್ತರ ಹರೆಯದಲ್ಲೇ ಸ್ವಯಂಸೇವಕಿಯಾಗಿ ರಣರಂಗಕ್ಕೆ ಹೋಗಿ ಅಲ್ಲಿ ವರ್ಷಗಟ್ಟಲೆ ಇದ್ದು ಬಂದವರು. 1991ರಲ್ಲಿ ವಿಚಾರಣೆಯಿಲ್ಲದೆ ಏಳು ತಿಂಗಳ ಸೆರೆವಾಸವನ್ನೂ ಅನುಭವಿಸಿದರು.

ಕಥೆಯಲ್ಲಿ ಮೂವರು ಹೆಂಗಸರಿದ್ದಾರೆ: ಸೋವಿಯತ್ ಒಕ್ಕೂಟದಲ್ಲಿ ಕೂಲಿ ಕೆಲಸಕ್ಕಿರುವ ಹಾಂಗ್ ಎಂಬ ಯುವತಿ, ಹನೋಯ್‌ನಲ್ಲಿ ಬೀದಿ ವ್ಯಾಪಾರ ಮಾಡುವ ಅವಳ ತಾಯಿ ಕ್ವೆ, ಮತ್ತು ಹಳ್ಳಿಯಲ್ಲಿರುವ ಸೋದರತ್ತೆ ತಾಮ್. ಹಾಂಗ್‌ಳ ಸೋದರಮಾವ ಚಿನ್ ಭೂಸುಧಾರಣೆಯ ಅಧಿಕಾರ ಹಿಡಿದು ಹಳ್ಳಿಗೆ ಬರುತ್ತಾನೆ. ಸೋದರಿಯ ಗಂಡನ ಮನೆಯವರನ್ನೇ ಜಮೀನುದಾರರೆಂದು ಸಾರುತ್ತಾನೆ. ಅವರ ಮನೆ ಮಠ ಹೋಗುತ್ತದೆ, ಸೋದರಿಯ ಗಂಡ ತಲೆಮರೆಸಿಕೊಳ್ಳುತ್ತಾನೆ. ಚರಿತ್ರೆಯಲ್ಲಿಯೂ ಹೀಗೆಯೇ ಆಯಿತು. ಹಳ್ಳಿಯವರನ್ನು ವರ್ಗಗಳಾಗಿ ವಿಂಗಡಿಸಿ, ತುಂಬಿದ ಸಭೆಯಲ್ಲಿ ದೂರು ಹೇಳಿಸಲಾಯಿತು. ಎಷ್ಟೋ ನಿರಪರಾಧಿಗಳು ಸತ್ತ ಮೇಲೆ, 1956ರಲ್ಲಿ ಸರ್ಕಾರವೇ ತಪ್ಪಾಯಿತೆಂದು ಒಪ್ಪಿಕೊಂಡು, ಆಳುವ ಕಮ್ಯುನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ತ್ರುವಾಂಗ್ ಚಿನ್ ತಮ್ಮ ಸ್ಥಾನವನ್ನು ಬಿಡಬೇಕಾಯಿತು.

ಇಷ್ಟೆಲ್ಲ ಆದ ಮೇಲೂ ಕ್ವೆ ತನ್ನ ಸೋದರನನ್ನು ಬಿಡಲಾರಳು. ಅವನ ಗಂಡುಮಕ್ಕಳೇ ತನ್ನ ತವರಿನ ವಂಶವೆಂದು ನಂಬಿ, ತಾನೂ ಅರೆಹೊಟ್ಟೆ ಉಂಡು, ಸ್ವಂತ ಮಗಳನ್ನೂ ಅರೆಹೊಟ್ಟೆಯಲ್ಲಿಟ್ಟು, ಅವನ ಮನೆಗೆ ತಿನಿಸು ಹೊರುತ್ತಾಳೆ. ಅತ್ತ ತಾಮ್, ಸತ್ತ ತಮ್ಮನ ಏಕೈಕ ಕುಡಿಯೆಂದು ಹಾಂಗ್‌ಳ ಮೇಲೆ ಪ್ರೀತಿಯನ್ನೂ ಆಸ್ತಿಯನ್ನೂ ಒಟ್ಟಿಗೆ ಸುರಿಯುತ್ತಾಳೆ. ಹೆಣ್ಣು ಮೊದಲು ತಂದೆಗೆ, ಬಳಿಕ ಗಂಡನಿಗೆ, ಕೊನೆಗೆ ಮಗನಿಗೆ ವಿಧೇಯಳಾಗಿರಬೇಕೆಂಬ ಕನ್‌ಫ್ಯೂಷಿಯಸ್ ಪರಂಪರೆಯ ಬೋಧನೆ, ಕ್ರಾಂತಿಯಾದ ಮೇಲೂ ಇಬ್ಬರ ರಕ್ತದಲ್ಲಿ ಹರಿಯುತ್ತಿದೆ. ಒಬ್ಬಳ ತ್ಯಾಗ ಮಗಳನ್ನು ಹಸಿವಿಗೆ ದೂಡುತ್ತದೆ, ಇನ್ನೊಬ್ಬಳ ತ್ಯಾಗ ಸೋದರಸೊಸೆಯನ್ನು ಋಣಕ್ಕೆ ಕಟ್ಟಿಹಾಕುತ್ತದೆ. ಕೊನೆಯಲ್ಲಿ ಹಾಂಗ್, ಅತ್ತೆ ಬಿಟ್ಟುಹೋದ ಮನೆಯನ್ನು ಉಳಿಸಿಕೊಂಡು ಅದರ ದೀಪ ಬೆಳಗುತ್ತ ಕೂರುವುದಿಲ್ಲವೆಂದು ನಿರ್ಧರಿಸುತ್ತಾಳೆ. ನನ್ನ ಮಟ್ಟಿಗೆ ಈ ವಿಷಯದ ಮೇಲೆ ಬಂದ ಕಾದಂಬರಿಗಳಲ್ಲಿ ಇದಕ್ಕಿಂತ ಧೀರವಾದ ಮುಕ್ತಾಯ ಇನ್ನೊಂದಿಲ್ಲ. ತ್ಯಾಗ ಮಾಡಿದವರ ಮೇಲೆ ಗೌರವವನ್ನೂ ಉಳಿಸಿಕೊಂಡು, ತ್ಯಾಗವೆಂಬ ಮೌಲ್ಯವನ್ನು ಪ್ರಶ್ನಿಸುವುದು ಎಷ್ಟು ಕಷ್ಟವೆಂದು ಬರೆಯುವವರಿಗೆ ಗೊತ್ತು.

ಪ್ರಶ್ನೆ: 1975ರ ಏಪ್ರಿಲ್ 30ಕ್ಕೆ ಯುದ್ಧ ಮುಗಿಯಿತು. ಗಂಡಂದಿರು ಮರಳಿ ಬಂದ ಮೇಲಿನ ಸಂಸಾರದ ಬಗ್ಗೆ ಯಾರಾದರೂ ಬರೆದಿದ್ದಾರೆಯೇ?

ಉತ್ತರ: ಬರೆದಿದ್ದಾರೆ, ಮತ್ತು ಕಾಯುವಿಕೆಯ ಕಥೆಗಿಂತ ಮರಳುವಿಕೆಯ ಕಥೆಯೇ ಹೆಚ್ಚು ಕಠಿಣವಾದದ್ದು. 1954ರ ಜಿನೀವಾ ಒಪ್ಪಂದದಲ್ಲಿ 17ನೇ ಅಕ್ಷಾಂಶದ ಬಳಿ ದೇಶ ಎರಡಾದಾಗ, ದಕ್ಷಿಣದಿಂದ ಉತ್ತರಕ್ಕೆ ಹೋದ ಗಂಡಸರು ಎರಡು ವರ್ಷಗಳಲ್ಲಿ ಚುನಾವಣೆ ನಡೆದು ತಾವು ಮನೆಗೆ ಮರಳುತ್ತೇವೆಂದು ಹೆಂಡಿರಿಗೆ ಹೇಳಿ ಹೋಗಿದ್ದರು. ಆ ಚುನಾವಣೆ ನಡೆಯಲೇ ಇಲ್ಲ. ಎರಡು ವರ್ಷವೆಂದದ್ದು ಇಪ್ಪತ್ತು ವರ್ಷವಾಯಿತು. ಅಷ್ಟರಲ್ಲಿ ಕೆಲವರು ಉತ್ತರದಲ್ಲಿ ಇನ್ನೊಂದು ಸಂಸಾರ ಹೂಡಿದ್ದರು. ಸತ್ತ ಸುದ್ದಿ ಬಂದರೂ ದೇಹ ಸಿಗದೆ, ಸತ್ತ ದಿನವೂ ತಿಳಿಯದೆ, ವರ್ಷದ ತಿಥಿಯನ್ನು ಯಾವ ದಿನ ಮಾಡಬೇಕೆಂದು ತೋಚದೆ, ಆತ ಮನೆ ಬಿಟ್ಟು ಹೊರಟ ದಿನವನ್ನೇ ಆಚರಿಸಿದ ಕುಟುಂಬಗಳೂ ಇವೆ.

ಇಂತಹ ಸುದ್ದಿಯೊಂದು ಸುಳ್ಳಾದರೆ ಏನಾಗುತ್ತದೆ ಎಂಬುದೇ ದುವಾಂಗ್ ಥು ಹುವಾಂಗ್ ಅವರ ಇನ್ನೊಂದು ಕಾದಂಬರಿ ‘ನೋ ಮ್ಯಾನ್ಸ್ ಲ್ಯಾಂಡ್’. ಗಂಡ ಬೋನ್ ಸತ್ತನೆಂದು ನಂಬಿ ಮರುಮದುವೆಯಾಗಿ, ಎರಡನೆಯ ಗಂಡ ಹೋವಾನ್ ಮತ್ತು ಮಗನೊಂದಿಗೆ ನೆಮ್ಮದಿಯಿಂದಿರುವ ಮಿಯೆನ್ ಎಂಬಾಕೆಯ ಬಾಗಿಲಿಗೆ, ಹದಿನಾಲ್ಕು ವರ್ಷಗಳ ನಂತರ ಬೋನ್ ಬಂದು ನಿಲ್ಲುತ್ತಾನೆ. ಅವನು ಕೆಟ್ಟವನಲ್ಲ, ಯುದ್ಧದಲ್ಲಿ ಜರ್ಜರಿತನಾದವನು. ಅವನಿಗೆ ಉಳಿದಿರುವ ಆಸೆ ಅವಳೊಬ್ಬಳೇ. ಯೋಧನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸು ಎಂದು ಇಡೀ ಹಳ್ಳಿ ಅವಳ ಕಡೆ ನೋಡುತ್ತದೆ. ಅವಳು ಹೋಗುತ್ತಾಳೆ. ಮೂವರಲ್ಲಿ ಯಾರನ್ನೂ ದೂರಲಾಗದಂತೆ ಬರೆದಿರುವುದರಿಂದ, ದೇಶದ ಋಣವನ್ನು ಒಬ್ಬ ಹೆಣ್ಣಿನ ಮೈಮನಗಳಿಂದ ತೀರಿಸುವ ಹಕ್ಕು ಊರಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ನೇರವಾಗಿ ನಮ್ಮ ಮುಂದೆ ನಿಲ್ಲುತ್ತದೆ. ಕಥೆ ಅಲ್ಲಲ್ಲಿ ತೀರ ಲಂಬಿಸಿದೆ ಎಂಬ ದೂರು ನನಗಿದೆ, ಆದರೂ ಓದಲೇಬೇಕು.

ಪ್ರಶ್ನೆ: ಆ ಯುದ್ಧದಲ್ಲಿ ಹೆಂಗಸರೂ ಹೋರಾಡಿದರಲ್ಲ? ಕಾದಂಬರಿಗಳು ಅವರನ್ನು ಅಡುಗೆಮನೆಗೇ ಸೀಮಿತಗೊಳಿಸಿವೆಯೇ?

ಉತ್ತರ: ಇಲ್ಲ. ಟ್ರುವಾಂಗ್ ಸೋನ್ ಬೆಟ್ಟಸಾಲಿನ ರಸ್ತೆಗಳಲ್ಲಿ ಗುಂಡಿ ಮುಚ್ಚುತ್ತಿದ್ದವರಲ್ಲಿ, ಸಿಡಿಯದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುತ್ತಿದ್ದವರಲ್ಲಿ ಹದಿಹರೆಯದ ಹುಡುಗಿಯರು ಬಹಳ ಮಂದಿ ಇದ್ದರು. 1968ರ ಜುಲೈ 24ರಂದು ಡೋಂಗ್ ಲೋಕ್ ಕೂಡುರಸ್ತೆಯಲ್ಲಿ ಅಂತಹ ಹತ್ತು ಹುಡುಗಿಯರು ಒಂದೇ ದಾಳಿಯಲ್ಲಿ ಸತ್ತರು. ತಾವೇ ಚಿಕ್ಕ ವಯಸ್ಸಿನಲ್ಲಿ ಇಂತಹ ಯುವ ಸ್ವಯಂಸೇವಕರ ದಳ ಸೇರಿದ್ದ ಲೆ ಮಿನ್ ಖುಯೆ ಅವರ ಸಣ್ಣಕಥೆಗಳಲ್ಲಿ ಈ ಹುಡುಗಿಯರ ಲೋಕವಿದೆ. ಕ್ವಾಂಗ್ ನ್ಗಾಯ್ ಪ್ರಾಂತ್ಯದಲ್ಲಿ 1970ರಲ್ಲಿ ಕೊಲ್ಲಲ್ಪಟ್ಟ ವೈದ್ಯೆ ಡಾಂಗ್ ಥುಯಿ ಚಾಮ್ ಅವರ ದಿನಚರಿಯನ್ನು ಅಮೆರಿಕದ ಸೈನಿಕನೊಬ್ಬ ಕಾಪಾಡಿಕೊಂಡಿದ್ದು, ಅದು 2005ರಲ್ಲಿ ಪ್ರಕಟವಾಯಿತು. ‘ದಿ ಮೌಂಟನ್ಸ್ ಸಿಂಗ್’ನಲ್ಲಿಯೂ ದಿಯೆವ್ ಲಾನ್‌ಳ ಮಗಳು, ಅಂದರೆ ಮೊಮ್ಮಗಳ ತಾಯಿ, ವೈದ್ಯೆಯೇ, ಗಂಡನನ್ನು ಹುಡುಕುತ್ತ ಯುದ್ಧಭೂಮಿಗೆ ಹೋಗಿ, ಮಾತು ಕಳೆದುಕೊಂಡವಳಂತೆ ಮರಳುತ್ತಾಳೆ. ಹೋರಾಟಕ್ಕೆ ಹೋದ ಹೆಣ್ಣು ಮನೆಗೆ ಬಂದ ಮೇಲೆ ಅವಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದರೆ, ಇನ್ನೊಬ್ಬ ಹೆಣ್ಣು, ಅಂದರೆ ಅವಳ ತಾಯಿ. ಆ ಭಾಗವನ್ನು ನಿಧಾನವಾಗಿ ಓದಿ.

ಪ್ರಶ್ನೆ: ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಬರೆದ ವಿಯೆಟ್ನಾಂ ಲೇಖಕಿಯರು ಹೊರಗಿನವರನ್ನು ಮೆಚ್ಚಿಸಲು ಬರೆಯುತ್ತಾರೆ ಎಂಬ ಆರೋಪದಲ್ಲಿ ಹುರುಳಿದೆಯೇ?

ಉತ್ತರ: ಕೆಲವು ಪುಸ್ತಕಗಳಿಗೆ ಈ ಆರೋಪ ಅನ್ವಯಿಸಬಹುದು, ಎಲ್ಲಕ್ಕೂ ಅನ್ವಯಿಸುವುದು ಅನ್ಯಾಯ. ಯುದ್ಧ ಮುಗಿದ ಮೇಲೆ ಲಕ್ಷಗಟ್ಟಲೆ ಜನ ದೋಣಿಗಳಲ್ಲಿ ದೇಶ ಬಿಟ್ಟರು; ಅವರ ಮಕ್ಕಳಿಗೆ ಶಾಲೆಯ ಭಾಷೆಯೇ ಬರವಣಿಗೆಯ ಭಾಷೆಯಾದದ್ದು ಅವರು ಬಯಸಿ ಮಾಡಿಕೊಂಡ ಆಯ್ಕೆಯಲ್ಲ. 1968ರಲ್ಲಿ ದಕ್ಷಿಣದ ರಾಜಧಾನಿ ಸೈಗಾನ್‌ನಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿನಲ್ಲಿ ದೋಣಿ ಹತ್ತಿ, ಮಲೇಷ್ಯಾದ ನಿರಾಶ್ರಿತರ ಶಿಬಿರದ ಮೂಲಕ ಕೆನಡಾದ ಕ್ವಿಬೆಕ್ ಸೇರಿದ ಕಿಮ್ ತುಯಿ ಅವರ ‘ರು’ 2009ರಲ್ಲಿ ಫ್ರೆಂಚಿನಲ್ಲಿ ಬಂದಿತು. ಚಿಕ್ಕ ಚಿಕ್ಕ ತುಣುಕುಗಳಲ್ಲಿರುವ ಈ ಕಾದಂಬರಿಯಲ್ಲಿ, ಗೆದ್ದ ಪಕ್ಷದವರು ಕುಟುಂಬದ ಮನೆಯನ್ನು ಇಬ್ಭಾಗ ಮಾಡಿ ನಡುವೆ ಇಟ್ಟಿಗೆಯ ಗೋಡೆ ಎಬ್ಬಿಸುವ ಪ್ರಸಂಗವಿದೆ. ಲೇಖಕಿ ಅದಕ್ಕೆ ವಿವರಣೆ ಕೊಡುವುದಿಲ್ಲ, ಕಣ್ಣೀರು ಬೇಡುವುದಿಲ್ಲ, ಮುಂದಿನ ತುಣುಕಿಗೆ ಹೋಗಿಬಿಡುತ್ತಾರೆ. ಹೊರಗಿನವರನ್ನು ಮೆಚ್ಚಿಸುವ ಉದ್ದೇಶವಿದ್ದವರು ಇಷ್ಟು ಕಡಿಮೆ ಮಾತಿನಲ್ಲಿ ಮುಗಿಸುತ್ತಿರಲಿಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಉತ್ತರದವರು ಬರೆದದ್ದರಲ್ಲಿ ಭೂಸುಧಾರಣೆ ಮತ್ತು ಬಾಂಬ್ ದಾಳಿ ದೊಡ್ಡದಾಗಿ ಕಾಣುತ್ತವೆ. ದಕ್ಷಿಣದಿಂದ ಹೊರಟುಹೋದವರು ಬರೆದದ್ದರಲ್ಲಿ ಸೈಗಾನ್ ಪತನ, ಗೆದ್ದ ಸರ್ಕಾರ ಗಂಡಂದಿರನ್ನು ಕೂಡಿಹಾಕಿದ ‘ಮರುಶಿಕ್ಷಣ’ ಶಿಬಿರಗಳು ಮತ್ತು ಸಮುದ್ರಯಾನ ದೊಡ್ಡದಾಗಿ ಕಾಣುತ್ತವೆ. ಒಂದು ಕಡೆಯದನ್ನೇ ಓದಿದರೆ ಇನ್ನೊಂದು ಕಡೆಯ ತಾಯಂದಿರು ನಮಗೆ ಅಪರಿಚಿತರಾಗಿಯೇ ಉಳಿಯುತ್ತಾರೆ. ದಿಯೆವ್ ಲಾನ್‌ಳ ಹಿರಿಯ ಮಗ ದಕ್ಷಿಣದ ಸೇನೆಯಲ್ಲಿದ್ದ, ಅವನ ತಮ್ಮಂದಿರು ಉತ್ತರದ ಪರವಾಗಿ ನಿಂತರು ಎಂಬುದನ್ನು ನೆನಪಿಸಿಕೊಂಡರೆ, ಎರಡೂ ಕಡೆಯ ತಾಯಿ ಒಬ್ಬಳೇ ಆಗಿದ್ದ ಮನೆಗಳು ಎಷ್ಟಿದ್ದಿರಬಹುದೆಂದು ಊಹಿಸಬಹುದು.

ಪ್ರಶ್ನೆ: ಯಾವುದರಿಂದ ಆರಂಭಿಸಲಿ?

ಉತ್ತರ: ಕಾಲಕ್ರಮ ಹಿಡಿತಕ್ಕೆ ಬರಬೇಕಾದರೆ ‘ದಿ ಮೌಂಟನ್ಸ್ ಸಿಂಗ್’ ಮೊದಲು. ಬಳಿಕ ‘ಪ್ಯಾರಡೈಸ್ ಆಫ್ ದಿ ಬ್ಲೈಂಡ್’, ಏಕೆಂದರೆ ಮೊದಲನೆಯದರಲ್ಲಿ ಹಳ್ಳಿ ಬಿಟ್ಟು ಓಡಿದವಳನ್ನು ಕಂಡ ನೀವು ಇದರಲ್ಲಿ ಹಳ್ಳಿಯಲ್ಲೇ ಉಳಿದವಳನ್ನು ಕಾಣುತ್ತೀರಿ. ಅನಂತರ ‘ರು’, ಅದು ಒಂದೇ ಸಂಜೆಯಲ್ಲಿ ಮುಗಿಯುತ್ತದೆ, ಆದರೆ ಆ ಎರಡಕ್ಕಿಂತ ಮೊದಲು ಓದಿದರೆ ಅದರ ಮೌನದಲ್ಲಿ ಏನಿದೆಯೆಂದು ತಿಳಿಯುವುದಿಲ್ಲ. ‘ನೋ ಮ್ಯಾನ್ಸ್ ಲ್ಯಾಂಡ್’ ಕೊನೆಗಿರಲಿ. ಹೆಸರುಗಳು ಒಂದೇ ತೆರನಾಗಿ ಕಂಡು ಗೊಂದಲವಾಗುವುದರಿಂದ, ಯಾರು ಯಾರ ಮಗಳು, ಯಾರು ಯಾವ ವರ್ಷ ಮನೆ ಬಿಟ್ಟರು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತ ಓದಿ.